ಚಳಿಗಾಲದ ರಾತ್ರಿ ಊಟ: ಚಪಾತಿ, ಹುಗ್ಗಿ, ಬಿಸಿಬೇಳೆಬಾತ್, ಅಕ್ಕಿ ರೊಟ್ಟಿ, ಮುದ್ದೆ – ಕೊನೆ ತುತ್ತು ಯಾವುದರಲ್ಲಿ ಬಿಸಿ?

ಬೆಂಗಳೂರಿನ ಚಳಿ ಅಂದರೆ ದಿಲ್ಲಿಯವರು ನಗುತ್ತಾರೆ. ನಗಲಿ ಬಿಡಿ. ಈ ಊರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಈಗಿನ ಜನವರಿಯಲ್ಲಿ ರಾತ್ರಿ 15 ಡಿಗ್ರಿ ಆಸುಪಾಸಿಗೆ ಇಳಿದರೆ ಸಾಕು, ನಾವು ಮಂಕಿ ಕ್ಯಾಪ್ ಹುಡುಕುತ್ತೇವೆ. ಆದರೆ ದಿಲ್ಲಿಯವರ ಮನೆಯಲ್ಲಿ ಹೀಟರ್ ಇರುತ್ತದೆ, ರಜಾಯಿ ಇರುತ್ತದೆ. ನಮ್ಮದು ಗ್ರಾನೈಟ್ ನೆಲ, ಸರಿಯಾಗಿ ಮುಚ್ಚದ ಕಿಟಕಿ, ಸ್ಟೀಲ್ ತಟ್ಟೆ. ಬಡಿಸಿದ ಅನ್ನ ಎರಡನೇ ಸಲ ಸಾರು ಹಾಕಿಸಿಕೊಳ್ಳುವಷ್ಟರಲ್ಲಿ ತಣ್ಣಗಾಗಿರುತ್ತದೆ.

ಹಾಗಾಗಿ ಈ ಚಳಿಗಾಲದಲ್ಲಿ ರಾತ್ರಿ ಊಟಕ್ಕೆ ನಮ್ಮ ಮನೆಯಲ್ಲಿ ಆಗುವ ಅಡುಗೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ರುಚಿಯ ಪೈಪೋಟಿ ಅಲ್ಲ ಇದು, ರುಚಿಗೆ ಎಲ್ಲವೂ ಚೆನ್ನ. ನಾನು ನೋಡಿದ್ದು ಬೇರೆ. ತಟ್ಟೆಯಲ್ಲಿ ಕೊನೆ ತುತ್ತು ಬಿಸಿಯಾಗಿರುತ್ತದಾ? ತಡವಾಗಿ ಬಂದವರಿಗೂ ಅದೇ ಊಟ ಅದೇ ಹದದಲ್ಲಿ ಸಿಗುತ್ತದಾ? ನಮ್ಮಲ್ಲಿ ಅಮ್ಮ ಎಂಟಕ್ಕೆಲ್ಲ ಉಂಡು ಮುಗಿಸಬೇಕು, ಮಗಳಿಗೆ ಹೋಂವರ್ಕ್ ಮುಗಿದಾಗ ಹಸಿವು, ವೈಟ್‌ಫೀಲ್ಡ್‌ನಿಂದ ಮೆಟ್ರೋದಲ್ಲಿ ಬರುವವರು ಒಂಬತ್ತೂವರೆಗೋ ಹತ್ತಕ್ಕೋ. ಇನ್ನೊಂದು ಪ್ರಶ್ನೆ ಯಾರೂ ಕೇಳುವುದಿಲ್ಲ, ನಾನೇ ಕೇಳಿಕೊಂಡೆ: ಒಲೆ ಮುಂದೆ ನಿಂತವರಿಗೂ ಬಿಸಿ ಊಟ ಇದೆಯಾ?

ಮೊದಲು ಚಪಾತಿ. ಬೆಂಗಳೂರಿನಲ್ಲಿ ರಾತ್ರಿ ಚಪಾತಿ ಅನ್ನುವುದು ಒಂಥರಾ ಕಾನೂನೇ ಆಗಿಬಿಟ್ಟಿದೆ ಅಲ್ವಾ, ಶುಗರ್ ಇದ್ದವರು, ತೂಕ ಇಳಿಸುವವರು, ಸುಮ್ನೆ ಪಕ್ಕದ ಮನೆಯವರು ತಿನ್ನುತ್ತಾರೆ ಅಂತ ತಿನ್ನುವವರು, ಎಲ್ಲರಿಗೂ ಅದೇ. ನನಗೆ ಚಪಾತಿ ಮೇಲೆ ಕೋಪ ಇಲ್ಲ. ಆದರೆ ಚಳಿಗೆ ಇದರಷ್ಟು ಕೆಟ್ಟ ಆಯ್ಕೆ ಇನ್ನೊಂದಿಲ್ಲ. ತೆಳ್ಳಗೆ, ಅಗಲವಾಗಿ, ಬರೀ ಮೈ ಬಿಟ್ಟುಕೊಂಡು ಕೂರುವ ತಿಂಡಿ. ಕಾವಲಿಯಿಂದ ಇಳಿಸಿದ ಎರಡೇ ನಿಮಿಷದಲ್ಲಿ ಕಾವು ಹೋಯಿತು. ಹಾಟ್‌ಬಾಕ್ಸ್‌ನಲ್ಲಿ ಇಟ್ಟರೆ ಮುಚ್ಚಳದಲ್ಲಿ ನೀರು ಕಟ್ಟಿ ಕೆಳಗಿನ ಎರಡು ಒದ್ದೆಯಾಗುತ್ತವೆ. ಒದ್ದೆಯಾದ ಚಪಾತಿ ಯಾವಾಗಲೂ ಮಾಡಿದವರ ಪಾಲಿಗೇ ಬರುತ್ತದೆ, ಗಮನಿಸಿ ನೋಡಿ. ಜೊತೆಗಿನ ಪಲ್ಯವೂ ಒಣಕಲು, ಅದೂ ಬೇಗ ಆರುತ್ತದೆ. ಬೇಸಿಗೆಗೆ ಇರಲಿ ಚಪಾತಿ.

ದೋಸೆಯ ಮಾತು ಬೇಗ ಮುಗಿಸುತ್ತೇನೆ. ಡಿಸೆಂಬರ್‌ನಲ್ಲಿ ಹಿಟ್ಟು ಹುಳಿ ಬರುವುದೇ ಒಂದು ದೊಡ್ಡ ಕಥೆ. ಬೇಸಿಗೆಯಲ್ಲಿ ಎಂಟು ಗಂಟೆಯಲ್ಲಿ ಉಬ್ಬಿ ಪಾತ್ರೆಯಿಂದ ಹೊರಗೆ ಬರುವ ಹಿಟ್ಟು, ಈಗ ಹದಿನಾಲ್ಕು ಹದಿನಾರು ಗಂಟೆ ಕಳೆದರೂ ಹಾಗೇ ಮಲಗಿರುತ್ತದೆ. ಮೆಂತ್ಯ ಹಾಕಿ ನೆನೆಸಿ, ಬೆಚ್ಚಗಿನ ನೀರಲ್ಲಿ ರುಬ್ಬಿ, ಓವನ್ ಒಳಗೆ ದೀಪ ಹಾಕಿ ಇಟ್ಟರೆ ಬರುತ್ತದೆ ನಿಜ. ಅಷ್ಟೆಲ್ಲ ಮಾಡಿದ ಮೇಲೆ ಭಾನುವಾರ ಬೆಳಗ್ಗೆ ತಿನ್ನಬೇಕು, ರಾತ್ರಿ ಯಾಕೆ? ಇನ್ನು ಪ್ಯಾಕೆಟ್ ಸೂಪು: ಕುಡಿಯುವಾಗ ಹಿತ, ಹನ್ನೊಂದು ಗಂಟೆಗೆ ಹಸಿವು, ಆಮೇಲೆ ಡಬ್ಬದಲ್ಲಿ ಕೈ.

ಪೈಪೋಟಿಯಲ್ಲಿ ನಿಜವಾಗಿ ಉಳಿದಿದ್ದು ನಾಲ್ಕು.

ಹುಗ್ಗಿ, ಅಂದರೆ ಖಾರದ ಪೊಂಗಲ್. ಧನುರ್ಮಾಸ ಡಿಸೆಂಬರ್ ನಡುವೆ ಶುರುವಾಗಿ ಸಂಕ್ರಾಂತಿವರೆಗೂ ಇರುತ್ತದೆ. ಆ ತಿಂಗಳು ಬೆಳಗಿನ ಜಾವ ದೇವಸ್ಥಾನಕ್ಕೆ ಹೋದರೆ ದೊನ್ನೆಯಲ್ಲಿ ಹುಗ್ಗಿ ಕೊಡುತ್ತಾರೆ, ಹೊಗೆಯಾಡುತ್ತಾ ಇರುತ್ತದೆ, ಬೆರಳು ಸುಟ್ಟುಕೊಂಡೇ ತಿನ್ನಬೇಕು. ಅದನ್ನೇ ರಾತ್ರಿಗೆ ತಂದೆ. ಒಂದು ಲೋಟ ಅಕ್ಕಿ, ಒಂದು ಲೋಟ ಹೆಸರುಬೇಳೆ. ಬೇಳೆಯನ್ನು ಘಮ್ ಅನ್ನುವವರೆಗೆ ಹುರಿದುಕೊಳ್ಳಬೇಕು, ಇದನ್ನು ಬಿಟ್ಟರೆ ಲೋಳೆ ಲೋಳೆ ಆಗುತ್ತದೆ. ನೀರು ಹತ್ತು ಲೋಟದವರೆಗೂ ಹಿಡಿಯುತ್ತದೆ. ತುಪ್ಪದಲ್ಲಿ ಮೆಣಸು, ಜೀರಿಗೆ, ಶುಂಠಿ, ಕರಿಬೇವು. ಮೆಣಸನ್ನು ಇಡಿಯಾಗಿ ಹಾಕಿದರೆ ಮಗಳು ಒಂದೊಂದನ್ನೇ ಆರಿಸಿ ತಟ್ಟೆ ಅಂಚಿಗೆ ಇಡುತ್ತಾಳೆ, ಹಾಗಾಗಿ ತರಿತರಿಯಾಗಿ ಕುಟ್ಟುತ್ತೇನೆ. ಅರ್ಧ ಗಂಟೆಯಲ್ಲಿ ಊಟ ರೆಡಿ, ತೊಳೆಯಲು ಒಂದೇ ಕುಕ್ಕರ್. ಬಿಸಿ ಹಿಡಿದಿಟ್ಟುಕೊಳ್ಳುವುದರಲ್ಲೂ ಚೆನ್ನಾಗಿದೆ, ನೀರು ಜಾಸ್ತಿ, ಮೇಲೆ ತುಪ್ಪದ ಪದರ.

ತೊಂದರೆ ಎಲ್ಲಿ ಅಂದರೆ, ಹತ್ತು ಗಂಟೆಗೆ ಬಂದವರಿಗೆ ಅದು ಗಟ್ಟಿ ಮುದ್ದೆ. ಬಿಸಿನೀರು ಹಾಕಿ ಸಡಿಲಿಸಿದರೆ ಉಪ್ಪು ಕಮ್ಮಿ, ಮೆಣಸು ಮಂಕು. ಮತ್ತೆ ಒಗ್ಗರಣೆ ಹಾಕಿದರೆ ಸರಿಹೋಗುತ್ತದೆ, ಆದರೆ ಮತ್ತೆ ಒಗ್ಗರಣೆ ಹಾಕುವವರು ಯಾರು? ಜೊತೆಗೆ ಹುಣಸೆ ಗೊಜ್ಜು ಇದ್ದರೆ ಮಾತ್ರ ಎರಡನೇ ಸಲ ಹಾಕಿಸಿಕೊಳ್ಳುವ ಆಸೆ. ಬರೀ ಹುಗ್ಗಿ ನಾಲ್ಕು ತುತ್ತಿಗೆ ಸಾಕೆನಿಸುತ್ತದೆ.

ಬಿಸಿಬೇಳೆಬಾತ್ ಹೆಸರಲ್ಲೇ ಬಿಸಿ ಇಟ್ಟುಕೊಂಡಿದೆ, ಪರೀಕ್ಷೆಯಲ್ಲಿ ಮಾತ್ರ ಹುಗ್ಗಿಗಿಂತ ಒಂದು ಮೆಟ್ಟಿಲು ಕೆಳಗೆ. ಹೊಟ್ಟೆಗೆ ಭಾರ. ತೊಗರಿಬೇಳೆ, ಅಕ್ಕಿ, ಮೇಲೆ ಕೊಬ್ಬರಿ, ಚಕ್ಕೆ, ಲವಂಗ, ಮರಾಠಿ ಮೊಗ್ಗು, ಅದರ ಮೇಲೆ ತುಪ್ಪ, ಅದರ ಮೇಲೆ ಖಾರಾಬೂಂದಿ. ಉಂಡ ಕೂಡಲೇ ಮಲಗುವ ಜನಕ್ಕೆ ಇದು ಮಧ್ಯಾಹ್ನದ ಊಟ. ತರಕಾರಿ ಹೆಚ್ಚುವ ಕೆಲಸವೂ ಜಾಸ್ತಿ. ಆದರೆ ಒಂದು ಮಾತು ಒಪ್ಪಬೇಕು: ಹುಗ್ಗಿ ಹಾಗೆ ಇದು ಮತ್ತೆ ಬಿಸಿ ಮಾಡಿದಾಗ ಸಪ್ಪೆಯಾಗುವುದಿಲ್ಲ, ಹುಣಸೆಹುಳಿ, ಪುಡಿ ಎಲ್ಲ ಸೇರಿ ಇನ್ನೂ ಕೂಡಿಕೊಳ್ಳುತ್ತದೆ. ತಡವಾಗಿ ಬರುವವರ ಓಟು ಇದಕ್ಕೇ ಬಿತ್ತು. ಇಳಿಸುವಾಗಲೇ ಸಾರಿನಷ್ಟು ತೆಳ್ಳಗಿರಲಿ, ತಟ್ಟೆಗೆ ಬರುವಷ್ಟರಲ್ಲಿ ಹದಕ್ಕೆ ಬರುತ್ತದೆ.

ಈಗ ಅಕ್ಕಿ ರೊಟ್ಟಿ. ಚಳಿಗಾಲ ಅಂದರೆ ಅವರೆಕಾಯಿ, ಅವರೆಕಾಯಿ ಅಂದರೆ ಅಕ್ಕಿ ರೊಟ್ಟಿ, ಇದರ ಬಗ್ಗೆ ವಾದವೇ ಇಲ್ಲ. ಬೇಯಿಸಿದ ಅವರೆಕಾಳು, ಸಣ್ಣಗೆ ಹೆಚ್ಚಿದ ಸಬ್ಬಸಿಗೆ ಸೊಪ್ಪು, ಹಸಿಮೆಣಸಿನಕಾಯಿ, ಕಾಯಿತುರಿ, ಜೀರಿಗೆ. ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿದರೆ ರೊಟ್ಟಿ ಮೆತ್ತಗೆ ಬರುತ್ತದೆ, ತಣ್ಣೀರಲ್ಲಿ ಕಲಸಿದರೆ ಬಿರುಕು ಬಿಟ್ಟು ಗರಿಗರಿ. ನನಗೆ ಮೊದಲನೆಯದು ಇಷ್ಟ. ಬಾಣಲೆಗೆ ಎಣ್ಣೆ ಸವರಿ, ಉಂಡೆಯನ್ನು ನಡುವೆ ಇಟ್ಟು, ಒದ್ದೆ ಬೆರಳಲ್ಲಿ ಅಂಚಿನವರೆಗೂ ತಟ್ಟುತ್ತಾ ಹೋಗಿ, ಅಲ್ಲಲ್ಲಿ ತೂತು ಮಾಡಿ ಒಂದೊಂದು ಹನಿ ಎಣ್ಣೆ ಬಿಟ್ಟು ಮುಚ್ಚಿದರೆ, ಐದು ನಿಮಿಷಕ್ಕೆ ಸಬ್ಬಸಿಗೆ ಪರಿಮಳ ಬಾಗಿಲು ದಾಟಿ ಮೆಟ್ಟಿಲವರೆಗೂ ಹೋಗುತ್ತದೆ. ಮೇಲೆ ಬೆಣ್ಣೆ. ಇದನ್ನು ಸೋಲಿಸುವ ಊಟ ಈ ಊರಿನಲ್ಲಿ ಇಲ್ಲ, ರುಚಿಯಲ್ಲಿ.

ಆದರೆ ರಾತ್ರಿಗೆ? ಬಾಣಲೆ ಮೇಲೇ ತಟ್ಟುವುದರಿಂದ ಒಂದು ರೊಟ್ಟಿ ಆದ ಮೇಲೆ ಬಾಣಲೆ ಆರಬೇಕು, ಇಲ್ಲದಿದ್ದರೆ ಹಿಟ್ಟು ಬೆರಳಿಗೆ ಎದ್ದು ಬರುತ್ತದೆ, ಬೆರಳೂ ಸುಡುತ್ತದೆ. ಎರಡು ಬಾಣಲೆ ಇಟ್ಟುಕೊಂಡು ಒಂದನ್ನು ತಿರುಗಿಸಿ ನಲ್ಲಿ ಕೆಳಗೆ ಹಿಡಿದು ತಣಿಸಿ, ಇನ್ನೊಂದನ್ನು ಒಲೆಗೆ ಏರಿಸಿ ಮಾಡಿದರೂ ನಾಲ್ಕು ಜನಕ್ಕೆ ಒಂದು ಗಂಟೆ. ಬಾಳೆಎಲೆ ಮೇಲೆ ತಟ್ಟಿ ಬೋರಲು ಹಾಕಿದರೆ ಬೇಗ ಆಗುತ್ತದೆ, ಆದರೆ ಅಷ್ಟು ತೆಳ್ಳಗೆ ಬರುವುದಿಲ್ಲ. ತಿನ್ನುವವರಿಗೆ ಸ್ವರ್ಗ, ಒಬ್ಬೊಬ್ಬರಿಗೂ ಒಲೆಯಿಂದ ನೇರ ತಟ್ಟೆಗೆ. ತಟ್ಟುವವರಿಗೆ? ಕೊನೆಗೆ ಉಳಿದ ಹಿಟ್ಟಲ್ಲಿ ಒಂದು ದಪ್ಪ ರೊಟ್ಟಿ, ನಿಂತುಕೊಂಡೇ. ಬಿಸಿಯೇನೋ ಇರುತ್ತದೆ, ಜೊತೆಗೆ ಮಾತಾಡಲು ಯಾರೂ ಇರುವುದಿಲ್ಲ. ಮೊದಲೇ ಮಾಡಿಡೋಣ ಅಂದರೆ ಆಗದು. ಅಕ್ಕಿಯ ಪಿಷ್ಟ ಆರಿದಾಗ ಬಿಗಿದುಕೊಳ್ಳುತ್ತದೆ, ಚಳಿಯಲ್ಲಿ ಇನ್ನೂ ಬೇಗ. ಹತ್ತು ಗಂಟೆಯ ರೊಟ್ಟಿಯನ್ನು ಹಲ್ಲಲ್ಲಿ ಎಳೆದು ತಿನ್ನಬೇಕು. ಮೈಕ್ರೋವೇವ್‌ಗೆ ಹಾಕಿದರೆ ಅರ್ಧ ನಿಮಿಷ ಮೆತ್ತಗೆ, ಆಮೇಲೆ ಮೊದಲಿಗಿಂತ ಗಟ್ಟಿ.

ಕೊನೆಗೆ ರಾಗಿ ಮುದ್ದೆ. ಅಮ್ಮ ತುಮಕೂರು ಕಡೆಯವರು, ಅವರಿಗೆ ಇದು ಹೋಲಿಕೆಗೆ ಇಡುವ ವಿಷಯವೇ ಅಲ್ಲ. "ಚಳಿಗೆ ಹುರುಳಿ ಸಾರು ಮುದ್ದೆ ಬಿಟ್ಟು ಇನ್ನೇನು ಉಣ್ತಾರೆ" ಅಂತ ಕೇಳಿದರು. ಹುರುಳಿ ಉಷ್ಣ, ಬೇಸಿಗೆಯಲ್ಲಿ ಬೇಡ, ಚಳಿಗೆ ಬೇಕು ಅನ್ನುವುದು ಅವರ ಲೆಕ್ಕ.

ಹುರುಳಿ ಸಾರಿನ ದೊಡ್ಡ ಗುಣ ಅಂದರೆ ಒಂದೇ ಸಲ ಬೇಯಿಸಿದ್ದರಲ್ಲಿ ಎರಡು ಅಡುಗೆ. ಕಾಳನ್ನು ಹಿಂದಿನ ರಾತ್ರಿ ನೆನೆಹಾಕಿ, ಬೆಳಗ್ಗೆ ಬಟ್ಟೆಯಲ್ಲಿ ಕಟ್ಟಿಟ್ಟರೆ ಮೊಳಕೆ ಬರುತ್ತದೆ. ಈ ಚಳಿಗೆ ಒಂದು ದಿನ ಸಾಲದು, ಫ್ರಿಜ್ ಹಿಂದುಗಡೆ ಬೆಚ್ಚಗಿರುವ ಕಡೆ ಎರಡು ದಿನ ಬೇಕು. ಬೇಯಿಸಲು ಕುಕ್ಕರ್ ಬೇಕೇ ಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್‌ಗೂ ಎತ್ತರದಲ್ಲಿದೆ, ಇಲ್ಲಿ ನೀರು 97 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ, ತೆರೆದ ಪಾತ್ರೆಯಲ್ಲಿ ಇಟ್ಟರೆ ಹುರುಳಿ ಜಗ್ಗುವುದಿಲ್ಲ. ಬೆಂದ ಮೇಲೆ ಬಸಿದ ಕಟ್ಟು ಸಾರಿಗೆ, ಕಾಳು ಪಲ್ಯಕ್ಕೆ. ಕಟ್ಟಿನ ಬಣ್ಣ ಕಡು ಕಂದು. ಅದಕ್ಕೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಕಾಯಿ, ಹುಣಸೆಹಣ್ಣು, ಸಾರಿನ ಪುಡಿ, ಜೊತೆಗೆ ಒಂದು ಹಿಡಿ ಬೆಂದ ಕಾಳನ್ನೂ ಸೇರಿಸಿ ರುಬ್ಬಿ ಕುದಿಸಬೇಕು. ಈರುಳ್ಳಿಯನ್ನು ಗ್ಯಾಸ್ ಉರಿಯಲ್ಲಿ ನೇರವಾಗಿ ಸುಟ್ಟರೆ ಹೊರಗಿನ ಸಿಪ್ಪೆ ಕಪ್ಪಾಗಿ ಒಳಗೆ ಸಿಹಿಯಾಗುತ್ತದೆ. ಎಣ್ಣೆಯಲ್ಲಿ ಬಾಡಿಸಿದರೆ ಆ ಹೊಗೆ ವಾಸನೆ ಬರುವುದಿಲ್ಲ. ಈ ಸಾರು ಮಾರನೇ ದಿನ ಇನ್ನೂ ಚೆನ್ನಾಗಿರುತ್ತದೆ, ಮೂರನೇ ದಿನ ಅಮ್ಮ ಪಾತ್ರೆಯನ್ನು ಬಿಟ್ಟುಕೊಡುವುದಿಲ್ಲ. ಅಂದರೆ ವಾರದ ಮಧ್ಯೆ ಸಂಜೆ ಆಫೀಸಿನಿಂದ ಬಂದಾಗ ಮಾಡಬೇಕಾದ್ದು ಮುದ್ದೆ ಒಂದೇ.

ಮುದ್ದೆಗೆ ಎಷ್ಟು ಹೊತ್ತು? ಕಾಲು ಗಂಟೆ. ಒಂದು ಲೋಟ ಹಿಟ್ಟಿಗೆ ಎರಡು ಲೋಟ ನೀರು. ಎಸರಿಗೆ ಮೊದಲು ಒಂದು ಚಮಚ ಹಿಟ್ಟು ಕದಡಿ ಹಾಕಿ ಗಂಜಿ ಮಾಡಿಕೊಳ್ಳಬೇಕು, ಆಗ ಗಂಟು ಕಮ್ಮಿ. ಕುದಿ ಬಂದ ಮೇಲೆ ಉಳಿದ ಹಿಟ್ಟನ್ನು ಗುಡ್ಡೆ ಹಾಕಿ, ಕೈ ಆಡಿಸದೆ, ಉರಿ ಸಣ್ಣ ಮಾಡಿ ಸುಮ್ಮನಿರಬೇಕು. ಈ ಸುಮ್ಮನಿರುವುದೇ ಕಷ್ಟ. ನಾಲ್ಕೈದು ನಿಮಿಷ ಆದ ಮೇಲೆ ಕೋಲು ಇಳಿಸಿ ತೊಳಸಬೇಕು, ಪಾತ್ರೆಯನ್ನು ಕಾಲಲ್ಲೋ ಇಕ್ಕಳದಲ್ಲೋ ಗಟ್ಟಿಯಾಗಿ ಹಿಡಿದು, ಒಣ ಹಿಟ್ಟು ಎಲ್ಲೂ ಉಳಿಯದ ಹಾಗೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟಬಾರದು, ಅಷ್ಟೇ ಪರೀಕ್ಷೆ. ಆಮೇಲೆ ಕಟ್ಟುವಾಗ ಅಂಗೈ ಸುಡುತ್ತದೆ, ಚಳಿಗಾಲದಲ್ಲಿ ಅದೊಂದು ಸುಖವೇ.

ಬಿಸಿಯ ವಿಷಯಕ್ಕೆ ಬಂದರೆ ಮುದ್ದೆಗೆ ಎದುರಿಲ್ಲ. ದುಂಡಗೆ, ಗಟ್ಟಿಯಾಗಿ, ಹೊರಗಿನ ಮೈ ಕಡಿಮೆ, ಒಳಗೆಲ್ಲ ನೀರು ಹೀರಿದ ಹಿಟ್ಟು. ಮೇಲ್ಭಾಗ ಆರಿದರೂ ನಡುವೆ ಮುರಿದರೆ ಹಬೆ ಏಳುತ್ತದೆ. ಸಾರು ಸುತ್ತ ಇರುತ್ತದೆ, ಅದು ಆರಿದರೆ ಇನ್ನೊಂದು ಸೌಟು. ಚಪಾತಿ ತಿಂದು ಮುಗಿಸಲು ಬೇಕಾದಷ್ಟೇ ಹೊತ್ತಲ್ಲಿ ಮುದ್ದೆ ಉಂಡರೂ ಕೊನೆ ತುತ್ತು ಬಾಯಲ್ಲಿ ಬಿಸಿಯಾಗಿ ಇಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ತೊಳಸಿ ಕಟ್ಟಿದ ಮೇಲೆ ಒಲೆ ಹತ್ತಿರ ಕೆಲಸ ಇಲ್ಲ. ಮಾಡಿದವರೂ ಕೂತು ಉಣ್ಣಬಹುದು. ಹತ್ತು ಗಂಟೆಯವರ ಮುದ್ದೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಹಾಟ್‌ಬಾಕ್ಸ್‌ನಲ್ಲಿ ಇಡುತ್ತೇನೆ, ಒಂದೂವರೆ ಗಂಟೆಗೆ ಮೋಸವಿಲ್ಲ. ಅದಕ್ಕೂ ತಡವಾದರೆ ಬಿಸಿ ಸಾರಲ್ಲಿ ಮುಳುಗಿಸಿಕೊಳ್ಳಲಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ ಅಂತ ಅಮ್ಮನ ಮಂಡಿನೋವಿನ ನೆಪದಲ್ಲಿ ಓದಿಕೊಂಡೆ, ಅಕ್ಕಿ ಗೋಧಿ ಎರಡೂ ಅದರ ಹತ್ತಿರ ಸುಳಿಯುವುದಿಲ್ಲ. ಅಮ್ಮನಿಗೆ ಹೇಳಿದರೆ "ಹೌದಾ" ಅಂದು ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು.

ಮುದ್ದೆಯ ವಿರುದ್ಧ ಹೇಳಲು ಇರುವುದು ಒಂದೇ, ಮಗಳು ನುಂಗುವುದಿಲ್ಲ. ಅಗಿಯುತ್ತಾಳೆ, ಅಗಿದರೆ ಅಂಟುತ್ತದೆ, ಅಂಟಿದರೆ ಬೇಡ. ಅವಳಿಗೆ ಅದೇ ಹುರುಳಿ ಸಾರಲ್ಲಿ ಅನ್ನ, ಮೇಲೆ ತುಪ್ಪ. ಅವಳದು ಮಾತ್ರ ಅರ್ಧಕ್ಕೇ ತಣ್ಣಗಾಗುತ್ತದೆ, ಅದಕ್ಕೆ ಒಂದು ಉಪಾಯ ಕಂಡುಕೊಂಡೆ: ತಟ್ಟೆ ಬದಲು ಆಳದ ಪಿಂಗಾಣಿ ಬಟ್ಟಲು, ಬಡಿಸುವ ಮೊದಲು ಒಂದು ನಿಮಿಷ ಬಿಸಿನೀರು ತುಂಬಿಟ್ಟು ಚೆಲ್ಲಿದ್ದು. ಹುಗ್ಗಿಗೂ ಬಿಸಿಬೇಳೆಬಾತ್‌ಗೂ ಇದೇ ಮಾಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಹಾಗಾಗಿ ಈಗ ನಮ್ಮ ಮನೆಯ ಏರ್ಪಾಡು ಹೀಗಿದೆ. ಸೋಮವಾರದಿಂದ ಬುಧವಾರದವರೆಗೂ ಹುರುಳಿ ಸಾರು, ಮುದ್ದೆ. ಗುರುವಾರ ಎಲ್ಲರಿಗೂ ಸುಸ್ತು, ಹುಗ್ಗಿ. ಶುಕ್ರವಾರ ಏನೋ ಒಂದು. ಶನಿವಾರ ಹಿತಕಬೇಳೆ ಸಾರು, ಅದೂ ಮುದ್ದೆಗೇ. ಅವರೆಕಾಳನ್ನು ರಾತ್ರಿ ನೆನೆಸಿ, ಬೆಳಗ್ಗೆ ಎಲ್ಲರೂ ಸುತ್ತ ಕೂತು ಹೆಬ್ಬೆರಳು ತೋರುಬೆರಳ ನಡುವೆ ಹಿಸುಕಿದರೆ ಬೇಳೆ ಪುಳಕ್ ಅಂತ ಹೊರಗೆ ಹಾರುತ್ತದೆ, ಮಗಳು ಇದಕ್ಕೆ ಮಾತ್ರ ಕರೆಯದೇ ಬರುತ್ತಾಳೆ. ಅಕ್ಕಿ ರೊಟ್ಟಿಯನ್ನು ರಾತ್ರಿಯಿಂದ ತೆಗೆದು ಭಾನುವಾರ ಬೆಳಗ್ಗೆಗೆ ಹಾಕಿದ್ದೇನೆ, ತಟ್ಟುವ ಸರದಿ ಬೇರೆಯವರದು.

ಅವರೆಕಾಯಿ ಕೊಳ್ಳುವವರಿಗೆ ಒಂದು ಮಾತು. ಗಾಂಧಿಬಜಾರ್‌ನಲ್ಲಿ, ಮಲ್ಲೇಶ್ವರದಲ್ಲಿ ಹಿತಕಿದ ಬೇಳೆಯನ್ನೇ ಮಾರುತ್ತಾರೆ, ದುಬಾರಿ, ಆದರೆ ವಾರದ ಮಧ್ಯೆ ಅದೇ ಗತಿ. ಕಾಯಿಯಾಗಿ ಕೊಳ್ಳುವುದಾದರೆ ಕೈಗೆತ್ತಿಕೊಂಡು ಮೂಸಿ ನೋಡಿ. ಬೆರಳಿಗೆ ಜಿಡ್ಡು ಹತ್ತಿ ಸೊಗಡು ಮೂಗಿಗೆ ಬಡಿಯಬೇಕು. ಕಾಯಿ ಎಷ್ಟೇ ಹಸಿರಾಗಿ ಕಂಡರೂ ಆ ವಾಸನೆ ಇಲ್ಲದಿದ್ದರೆ ಮುಂದಿನ ಗಾಡಿಗೆ ಹೋಗಿ. ಮಾಗಡಿ ಕಡೆಯದು ಅಂತ ಎಲ್ಲರೂ ಹೇಳುತ್ತಾರೆ, ಮೂಗನ್ನೇ ನಂಬಿ.