ಸೀಲು ಕೊಡುವ ಮೊದಲು ಬ್ರೀದರ್ ವಿಚಾರಿಸಿದ ಉಡುಪಿಯ ಅಂಗಡಿ

ಹೆಬ್ರಿಯಿಂದ ವಾರಕ್ಕೆರಡು ಸಲ ಉಡುಪಿಗೆ ಬರುವ ನಮ್ಮ ಹಳೆಯ ಜೀಪಿನಲ್ಲಿ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಗೇರುಪೆಟ್ಟಿಗೆಯಾದ ಹಿಂಬದಿಯ ಡಿಫರೆನ್ಶಿಯಲ್‌ನಲ್ಲಿ ಒಳಹೋಗುವ ಪಿನಿಯನ್ ಶಾಫ್ಟಿನ ಸುತ್ತ ಆಯಿಲ್ ತಡೆಯುವ ಪಿನಿಯನ್ ಸೀಲು ಎರಡನೆಯ ಬಾರಿ ಸೋರತೊಡಗಿದಾಗ, ಈ ಸಲ ಅದನ್ನು ಮನೆಯಲ್ಲೇ ಬದಲಿಸುವುದೆಂದು ನಿಶ್ಚಯಿಸಿದೆ. ಕಳೆದ ವರ್ಷ ಒಂದು ಗ್ಯಾರೇಜಿನಲ್ಲಿ ಹಾಕಿಸಿದ್ದ ಸೀಲು ಮಳೆಗಾಲ ಮುಗಿಯುವ ಮೊದಲೇ ಕೈಕೊಟ್ಟಿತ್ತು. ಕರಾವಳಿ ಬೈಪಾಸಿನ ಸಮೀಪದ ಬಿಡಿಭಾಗಗಳ ಅಂಗಡಿಗೆ ನಾನು ಹೋದದ್ದು ಹೊಸ ಸೀಲಿಗಾಗಿ ಮಾತ್ರ. ಆದರೆ ಕೌಂಟರಿನಲ್ಲಿದ್ದ ಹಿರಿಯರು ಸೋರುವ ಸಂಗತಿ ಕೇಳಿ, “ಸೀಲು ಮಾತ್ರ ಹಾಕಿದರೆ ನಿಲ್ಲಲಿಕ್ಕಿಲ್ಲ ಮಾರಾಯ್ರೆ, ಬ್ರೀದರ್ ನೋಡಿದ್ದೀರಾ?” ಎಂದು ಕೇಳಿದರು. ಆ ಒಂದು ಪ್ರಶ್ನೆಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ವಾಹನ ಓಡಿ ಡಿಫರೆನ್ಶಿಯಲ್ ಬಿಸಿಯಾದಾಗ ಒಳಗಿನ ಗಾಳಿ ಹಿಗ್ಗುತ್ತದೆ. ಅದು ಹೊರಹೋಗಬೇಕಾದ ಸಣ್ಣ ಗಾಳಿದಾರಿಯಾದ ಬ್ರೀದರ್ ಮುಚ್ಚಿದ್ದರೆ ಒತ್ತಡವೆಲ್ಲ ಸೀಲಿನ ಅಂಚಿನ ಮೇಲೆ ಬಿದ್ದು ಆಯಿಲನ್ನು ಹೊರದೂಡುತ್ತದೆ. ನಮ್ಮ ಮುರಕಲ್ಲಿನ ಅಂಗಳದ ಕೆಮ್ಮಣ್ಣು ಬ್ರೀದರಿನೊಳಗೆ ಗಟ್ಟಿಯಾಗಿ ಕುಳಿತಿದ್ದುದನ್ನು ನಾನು ಕಂಡದ್ದು ಮನೆಗೆ ಬಂದು ಬಿಚ್ಚಿದ ಮೇಲೆ. ಬಿಸಿಯಾದ ಡಿಫರೆನ್ಶಿಯಲ್ ಮಳೆನೀರಿನಲ್ಲಿ ಇಳಿದು ತಟ್ಟನೆ ತಣ್ಣಗಾದರೆ ಇದರ ತಿರುವುಮುರುವು ನಡೆದು, ಒಳಗೆ ನೀರು ಸೇರಿದ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗುವುದೂ ಉಂಟು.

ಅಂಗಡಿಯ ಹಿರಿಯರ ಎರಡನೆಯ ಸೂಚನೆ, ಪಿನಿಯನ್ ಶಾಫ್ಟಿನ ತುದಿಯಲ್ಲಿ ಕೂತು ಸೀಲಿನ ಒಳಗೆ ತಿರುಗುವ ಜೋಡಣೆಯ ಭಾಗವಾದ ಫ್ಲಾಂಜಿಗೆ ಸಂಬಂಧಿಸಿದ್ದು. ಸೀಲಿನ ತುಟಿ ಉಜ್ಜುವ ಜಾಗದಲ್ಲಿ ಉಗುರಿಗೆ ತಾಗುವಷ್ಟು ಗೀರು ಬಿದ್ದಿದ್ದರೆ ಎಷ್ಟು ಒಳ್ಳೆಯ ಸೀಲು ಹಾಕಿದರೂ ಪ್ರಯೋಜನವಿಲ್ಲವೆಂದು ಹೇಳಿ, ಫ್ಲಾಂಜನ್ನು ಬಿಚ್ಚಿ ತರಲು ತಿಳಿಸಿದರು. ನಮ್ಮದರಲ್ಲಿ ತುಕ್ಕಿನೊಂದಿಗೆ ಗೀರು ಸ್ಪಷ್ಟವಾಗಿತ್ತು. ಮೊದಲಿನ ಗ್ಯಾರೇಜಿನವರು ಇದನ್ನು ನೋಡಿಯೇ ಇರಲಿಲ್ಲವೆಂಬುದು ಆಗ ಅರಿವಾಗಿ ಬೇಸರವಾಯಿತು. ಹೊಸ ಫ್ಲಾಂಜ್ ದಾಸ್ತಾನಿನಲ್ಲಿರದೆ ಮಂಗಳೂರಿನಿಂದ ತರಿಸಲು ನಾಲ್ಕು ದಿನ ಹಿಡಿಯಿತು. ಅಷ್ಟು ದಿನ ಜೀಪು ಅಂಗಳದಲ್ಲೇ ಸ್ಟ್ಯಾಂಡಿನ ಮೇಲೆ ನಿಂತಿತ್ತು. ಫ್ಲಾಂಜನ್ನು ಹಿಡಿದಿಡುವ, ಒಮ್ಮೆ ಬಿಗಿದ ಲಾಕ್ ನಟ್ಟನ್ನು ಮತ್ತೆ ಬಳಸಬಾರದೆಂದು ಹೊಸತನ್ನೂ ಸೇರಿಸಿ ಕೊಟ್ಟರು. ಸೀಲಿನ ಬೆಲೆ ಒಂದು ಲೀಟರ್ ಗೇರ್ ಆಯಿಲಿಗಿಂತ ಕಡಿಮೆ. ದೊಡ್ಡ ಖರ್ಚು ಫ್ಲಾಂಜಿನದ್ದೇ.

ಕೆಲಸದಲ್ಲಿ ನಿಜವಾಗಿ ಎಚ್ಚರ ಬೇಕಾದದ್ದು ಇದೇ ಪಿನಿಯನ್ ನಟ್ಟಿನ ವಿಷಯದಲ್ಲಿ. ಅದರ ಹಿಂದೆ ಎರಡು ಬೇರಿಂಗುಗಳ ನಡುವೆ ನಟ್ಟು ಬಿಗಿದಂತೆ ಕುಗ್ಗುವ ಕೊಳವೆ (ಸ್ಪೇಸರ್) ಇರುವ ಡಿಫರೆನ್ಶಿಯಲ್‌ಗಳಲ್ಲಿ, ಸ್ವಲ್ಪ ಹೆಚ್ಚು ಬಿಗಿದರೂ ಬೇರಿಂಗಿನ ಮೇಲೆ ಭಾರ ಹೆಚ್ಚಿ, ಕೆಲವೇ ದಿನಗಳಲ್ಲಿ ಊಳಿಡುವ ಸದ್ದು ಬರುತ್ತದೆ. ಆದ್ದರಿಂದ ಸಡಿಲಿಸುವ ಮೊದಲು ಶಾಫ್ಟ್, ನಟ್ಟು, ಫ್ಲಾಂಜ್ ಮೂರಕ್ಕೂ ಸೇರುವಂತೆ ಬಣ್ಣದ ಗುರುತು ಹಾಕಿ, ನಟ್ಟಿನ ಹೊರಗೆ ಕಾಣುವ ಶಾಫ್ಟಿನ ತಿರುಪಿನ ಎಳೆಗಳನ್ನು ಎಣಿಸಿಟ್ಟುಕೊಳ್ಳಲು ಆ ಹಿರಿಯರು ಹೇಳಿದ್ದರು. ಫ್ಲಾಂಜೂ ನಟ್ಟೂ ಎರಡೂ ಹೊಸತಾದ ನಮ್ಮ ಸಂದರ್ಭದಲ್ಲಿ ಗುರುತೊಂದೇ ಸಾಲದೆಂದು, ಬಿಚ್ಚುವ ಮೊದಲು ಫ್ಲಾಂಜಿಗೆ ಹಗ್ಗ ಸುತ್ತಿ ಸ್ಪ್ರಿಂಗ್ ತಕ್ಕಡಿಯಿಂದ ಎಳೆದು, ಅದು ತಿರುಗಲು ಬೇಕಾದ ಬಲದ ಅಳತೆ ಬರೆದಿಟ್ಟುಕೊಂಡಿದ್ದೆ. ಬಿಗಿಯುವಾಗ ಅದೇ ಅಳತೆಗೆ ತಂದೆ. ಸೀಲನ್ನು ಸ್ಪ್ರಿಂಗ್ ಇರುವ ಬದಿ ಒಳಮುಖವಾಗಿರುವಂತೆ ಹಿಡಿದು, ತುಟಿಗೆ ಆಯಿಲ್ ಸವರಿ, ಅಗಲದ ಪೈಪಿನ ತುಂಡಿನಿಂದ ಸುತ್ತಲೂ ಸಮನಾಗಿ ಬಡಿದು ಕೂರಿಸಿದೆ.

ಮೂರು ತಿಂಗಳ ನಂತರವೂ ಡಿಫರೆನ್ಶಿಯಲ್ಲಿನ ಹೊರಕವಚದ ಮೇಲೆ ಇರುವುದು ಒಣ ಧೂಳು ಮಾತ್ರ. ಅಂಗಡಿಯ ಕೊರತೆಯೆಂದರೆ, ಮನೆಯಲ್ಲಿ ಕೆಲಸ ಮಾಡುವವರಿಗೆ ಬಿಡುವಿರುವ ಭಾನುವಾರವೇ ಅದು ಮುಚ್ಚಿರುತ್ತದೆ, ಬೆಳಿಗ್ಗೆ ಮೆಕ್ಯಾನಿಕರ ನೂಕುನುಗ್ಗಲಿನಲ್ಲಿ ನಮ್ಮಂಥವರ ಮಾತು ಕೇಳುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ, ಅಳತೆಯ ಅಂಕಿಗಳು ಓದಲು ಬರುವಂತಿರುವ ಹಳೆಯ ಸೀಲನ್ನೂ ಫ್ಲಾಂಜನ್ನೂ ಜೊತೆಯಲ್ಲೇ ಒಯ್ಯುವುದು ಒಳ್ಳೆಯದು.