ಎವ್ರಿಥಿಂಗ್: ಕಡತ ಹುಡುಕಲು ಇದಕ್ಕಿಂತ ವೇಗದ್ದು ಬೇಡ, ಆದರೆ ಕನ್ನಡದ ಹೆಸರಿಗೆ ಸ್ವಲ್ಪ ಉಪಾಯ ಬೇಕು

ವಿಂಡೋಸ್ ಇರುವ ಮನೆ ಕಂಪ್ಯೂಟರಿಗೆ ಒಂದೇ ಒಂದು ಉಚಿತ ತಂತ್ರಾಂಶ ಹಾಕಬೇಕೆಂದರೆ ನನ್ನ ಆಯ್ಕೆ ವಾಯ್ಡ್‌ಟೂಲ್ಸ್‌ನ ಎವ್ರಿಥಿಂಗ್. ವರ್ಷಗಳ ಬಳಕೆಯ ನಂತರವೂ ಅದರ ವೇಗದ ಬಗ್ಗೆ ನನಗೆ ಒಂದು ದೂರೂ ಇಲ್ಲ. ಹೆಸರಿನ ಮೂರು ಅಕ್ಷರ ಒತ್ತುವಷ್ಟರಲ್ಲಿ ಪಟ್ಟಿ ಮುಂದೆ ಬಂದಿರುತ್ತದೆ.

ಈ ವೇಗಕ್ಕೆ ಕಾರಣ ಇದೆ. ಎನ್‌ಟಿಎಫ್‌ಎಸ್ (ವಿಂಡೋಸ್ ಸಾಮಾನ್ಯವಾಗಿ ಕಡತಗಳನ್ನು ಇಡುವ ಬಗೆ) ಡಿಸ್ಕಿನಲ್ಲಿ ಎಲ್ಲ ಕಡತಗಳ ಹೆಸರೂ ಮಾಸ್ಟರ್ ಫೈಲ್ ಟೇಬಲ್ ಎಂಬ ಒಂದೇ ಕಡೆ ಇರುತ್ತದೆ. ಎವ್ರಿಥಿಂಗ್ ಫೋಲ್ಡರುಗಳ ಒಳಗೆ ಅಲೆಯದೆ ನೇರ ಆ ಪಟ್ಟಿಯನ್ನೇ ಓದಿಕೊಳ್ಳುತ್ತದೆ. ಆಮೇಲೆ ಆಗುವ ಬದಲಾವಣೆಗಳನ್ನು ವಿಂಡೋಸ್ ತಾನೇ ಬರೆದಿಡುವ ಯುಎಸ್‌ಎನ್ ಜರ್ನಲ್‌ನಿಂದ ತಿಳಿದುಕೊಳ್ಳುತ್ತದೆ. 10 ಲಕ್ಷ ಕಡತಗಳಿಗೆ ಸುಮಾರು 75 ಎಂಬಿ ರ‍್ಯಾಮ್ ಸಾಕು ಎನ್ನುತ್ತಾರೆ ತಯಾರಕರು. 4 ಜಿಬಿ ರ‍್ಯಾಮ್, ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರಕ್ಕೂ ಇದು ಹೊರೆಯಲ್ಲ. ಹೊಸ ಎಸ್‌ಎಸ್‌ಡಿಗೆ ದುಡ್ಡು ಹಾಕುವ ಮೊದಲು ಇದನ್ನು ಹಾಕಿ ನೋಡಿ ಎನ್ನುತ್ತೇನೆ.

ಹಾಕಿಕೊಳ್ಳುವಾಗ 'ಎವ್ರಿಥಿಂಗ್ ಸರ್ವಿಸ್' ಎಂಬಲ್ಲಿ ಟಿಕ್ ಇರಲಿ. ಇಲ್ಲದಿದ್ದರೆ ತೆರೆದಾಗಲೆಲ್ಲ ವಿಂಡೋಸ್ ಅನುಮತಿ ಕೇಳಬಹುದು. ನಂತರ ಟೂಲ್ಸ್, ಆಪ್ಷನ್ಸ್, ಜನರಲ್, ಕೀಬೋರ್ಡ್ ಎಂದು ಹೋಗಿ ಕಿಟಕಿ ತೆರೆಯಲು ಒಂದು ಹಾಟ್‌ಕೀ ಕೊಡಿ. ಇದೊಂದನ್ನು ಮಾಡದವರು ಈ ತಂತ್ರಾಂಶವನ್ನು ಅರ್ಧವೇ ಬಳಸಿದಂತೆ.

ದಿನನಿತ್ಯದ ಕೆಲಸದಲ್ಲಿ ಇದರ ಬೆಲೆ ಗೊತ್ತಾಗುವುದು ಅರ್ಜಿ ತುಂಬುವಾಗ. ಸೇವಾ ಸಿಂಧುವಿನಂಥ ಜಾಲತಾಣ ಆದಾಯ ಪ್ರಮಾಣಪತ್ರದ ಪಿಡಿಎಫ್ ಕೇಳಿತೆನ್ನಿ. ಹಾಟ್‌ಕೀ ಒತ್ತಿ, ಹೆಸರಿನ ಒಂದು ತುಂಡು ಟೈಪಿಸಿ, ಕಡತವನ್ನು ಆರಿಸಿ ಕಂಟ್ರೋಲ್-ಶಿಫ್ಟ್-ಸಿ ಒತ್ತಿದರೆ ಅದರ ಪೂರ್ತಿ ವಿಳಾಸ ಕಾಪಿಯಾಗುತ್ತದೆ. ಅಪ್‌ಲೋಡ್ ಕಿಟಕಿಯಲ್ಲಿ ಕಡತದ ಹೆಸರು ಬರೆಯುವ ಜಾಗಕ್ಕೆ ಅದನ್ನೇ ಪೇಸ್ಟ್ ಮಾಡಿ ಎಂಟರ್ ಒತ್ತಿದರಾಯಿತು, ಫೋಲ್ಡರು ಬಗೆಯುತ್ತ ಕೂರಬೇಕಿಲ್ಲ. ಕಡತ ಇರುವ ಫೋಲ್ಡರೇ ಬೇಕಿದ್ದರೆ ಕಂಟ್ರೋಲ್-ಎಂಟರ್. ಈಗಷ್ಟೇ ಇಳಿಸಿಕೊಂಡದ್ದು ಎಲ್ಲಿ ಹೋಯಿತೆಂದು ತಿಳಿಯದಿದ್ದರೆ 'ಡಿಎಂ:ಟುಡೇ' ಎಂದು ಕೊಡಿ, ಇವತ್ತು ಬದಲಾದ ಕಡತಗಳೆಲ್ಲ ಬರುತ್ತವೆ. ಜೊತೆಗೆ 'ಇಎಕ್ಸ್‌ಟಿ:ಪಿಡಿಎಫ್' ಸೇರಿಸಿದರೆ ಪಿಡಿಎಫ್ ಮಾತ್ರ ಉಳಿಯುತ್ತದೆ. ಈ ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಕೋಲನ್‌ನ ಆಚೀಚೆ ಜಾಗ ಬಿಡದೆ ಟೈಪಿಸಬೇಕು.

ಇನ್ನು ತಲೆನೋವಿನ ವಿಷಯ. ಕಡತಗಳಿಗೆ ಕನ್ನಡದಲ್ಲೇ ಹೆಸರಿಡುವವರಿಗೆ, ಕಣ್ಣೆದುರೇ ಇರುವ ಕಡತವೂ ಕೆಲವೊಮ್ಮೆ ಹುಡುಕಾಟಕ್ಕೆ ಸಿಗುವುದಿಲ್ಲ. ಕನ್ನಡ ಯೂನಿಕೋಡ್ ಹೆಸರುಗಳನ್ನು ಎವ್ರಿಥಿಂಗ್ ಸರಿಯಾಗಿಯೇ ತೋರಿಸುತ್ತದೆ, ತಪ್ಪು ಅಲ್ಲಿಲ್ಲ. ನೋಡಲು ಒಂದೇ ಆಗಿರುವ ಪದವನ್ನು ಹಲವು ಬಗೆಯಲ್ಲಿ ಟೈಪಿಸಬಹುದು, ಯಂತ್ರಕ್ಕೆ ಅವೆಲ್ಲ ಬೇರೆ ಬೇರೆ ಪದಗಳು.

ಮೊದಲನೆಯದು ಸೊನ್ನೆ. 'ಬೆಂಗಳೂರು' ಎಂಬಲ್ಲಿ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿ 'ಬೆ೦ಗಳೂರು' ಎಂದು ಬರೆದ ಹೆಸರುಗಳು ಬೇಕಾದಷ್ಟಿವೆ, ಅದರಲ್ಲೂ ಬೇರೆಯವರಿಂದ ಬಂದ ಕಡತಗಳಲ್ಲಿ. ಎರಡನೆಯದು ಅರ್ಧಾಕ್ಷರದ ನಂತರ ಬರುವ ಕಣ್ಣಿಗೆ ಕಾಣದ ಚಿಹ್ನೆ. 'ಆಧಾರ್‌ಕಾರ್ಡ್' ಎಂಬಲ್ಲಿ 'ರ' ಮತ್ತು 'ಕ' ಒತ್ತಕ್ಷರವಾಗಿ ಕೂಡಿಕೊಳ್ಳದಂತೆ ತಡೆಯುವುದು ಅದೇ. ಕೆಲವು ಕೀಬೋರ್ಡುಗಳು ಅದನ್ನು ತಾವಾಗಿಯೇ ಹಾಕುತ್ತವೆ, ಕೆಲವು ಹಾಕುವುದಿಲ್ಲ. ಮೂರನೆಯದು 'ಕೋ', 'ಕೀ', 'ಕೇ' ಥರದ ದೀರ್ಘಗಳು. 'ಕೋ'ದ ಸ್ವರಚಿಹ್ನೆ ಒಂದೇ ಸಂಕೇತವಾಗಿರಬಹುದು ಅಥವಾ ಮೂರು ತುಂಡುಗಳಾಗಿ ಕೂತಿರಬಹುದು. ಹಳೆಯ ಮ್ಯಾಕ್‌ಗಳ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ಹೆಸರುಗಳನ್ನು ತುಂಡು ಮಾಡಿಯೇ ಇಡುತ್ತಿತ್ತು.

ಪರಿಹಾರ ಸುಲಭ. ಎವ್ರಿಥಿಂಗ್ ಪದದ ನಡುವಿನ ತುಂಡನ್ನೂ ಹುಡುಕುತ್ತದೆ, ಜಾಗ ಬಿಟ್ಟು ಎರಡು ತುಂಡು ಕೊಟ್ಟರೆ ಎರಡೂ ಇರುವ ಹೆಸರುಗಳನ್ನು ತೋರಿಸುತ್ತದೆ. ಹಾಗಾಗಿ ಗೊಂದಲದ ಅಕ್ಷರವನ್ನೇ ಬಿಟ್ಟುಬಿಡಿ. ಬೆಂಗಳೂರಿಗೆ 'ಗಳೂರು' ಸಾಕು. ಕೋಲಾರಕ್ಕೆ 'ಲಾರ'. ಆಧಾರ್ ಕಾರ್ಡಿಗೆ ಅರ್ಧಾಕ್ಷರಗಳನ್ನು ಕೈಬಿಟ್ಟು 'ಆಧಾರ ಕಾರ' ಎಂದು ಕೊಡಿ. ಯೂನಿಕೋಡಿನಲ್ಲಿ 'ರ್' ಎಂದರೆ 'ರ'ದ ಮುಂದೆ ಹಲಂತ ಎಂದಿರುವುದರಿಂದ 'ರ' ಹೇಗೂ ಹೊಂದುತ್ತದೆ. ಇಂಗ್ಲಿಷ್ ಲಿಪಿಯಲ್ಲಿ 'ಖರ್ಚು' ಎಂದು ಹೆಸರಿಟ್ಟು 'ಕೆ' ಆದಮೇಲೆ 'ಎಚ್' ಹಾಕಿದ್ದೇವೋ ಇಲ್ಲವೋ ನೆನಪಿಲ್ಲದಿದ್ದರೆ ಎರಡನ್ನೂ ಬರೆದು ನಡುವೆ ಲಂಬ ಗೆರೆ (|) ಹಾಕಿ, ಯಾವುದಿದ್ದರೂ ಸಿಗುತ್ತದೆ. 'ಇಲ್ಲಿ ಏನಿದ್ದರೂ ಸರಿ' ಎನ್ನಲು ನಕ್ಷತ್ರ ಚಿಹ್ನೆ (*) ಬಳಸುವವರು ಒಂದು ನೆನಪಿಡಿ: ಅದನ್ನು ಹಾಕಿದೊಡನೆ ಎವ್ರಿಥಿಂಗ್ ಹೆಸರನ್ನು ಪೂರ್ತಿಯಾಗಿ ಹೋಲಿಸುತ್ತದೆ, ಆದ್ದರಿಂದ ಹಿಂದೆ ಮುಂದೆ ಎರಡೂ ಕಡೆ ನಕ್ಷತ್ರ ಬೇಕು. ಸಿಕ್ಕ ತಪ್ಪು ಹೆಸರುಗಳನ್ನು ಒಟ್ಟಿಗೆ ಆರಿಸಿ ಎಫ್2 ಒತ್ತಿದರೆ ಎಲ್ಲವನ್ನೂ ಒಂದೇ ಕಿಟಕಿಯಲ್ಲಿ ತಿದ್ದಬಹುದು. ಸೊನ್ನೆಯ ತಪ್ಪನ್ನಾದರೂ ಹೀಗೆ ಒಮ್ಮೆ ಕುಳಿತು ತಿದ್ದಿಬಿಡುವುದು ಒಳ್ಳೆಯದು.

ಕಡತದ ಒಳಗಿನ ಬರಹ ಹುಡುಕಲು 'ಕಂಟೆಂಟ್:' ಎಂಬ ಆಜ್ಞೆ ಇದೆ, ಆದರೆ 1.4ನೇ ಆವೃತ್ತಿಯಲ್ಲಿ ಒಳಬರಹಕ್ಕೆ ಸೂಚಿ ಇಲ್ಲದ ಕಾರಣ ಪ್ರತಿ ಕಡತವನ್ನೂ ತೆರೆದು ಓದಬೇಕಾಗಿ ಬಹಳ ನಿಧಾನ. ಮೊದಲು ಫೋಲ್ಡರ್ ಮತ್ತು ಕಡತದ ಬಗೆ ಕೊಟ್ಟು ಪಟ್ಟಿ ಚಿಕ್ಕದಾಗಿಸಿ, ಆಮೇಲೆ ಅದನ್ನು ಸೇರಿಸಿ. 'ನುಡಿ' ತಂತ್ರಾಂಶದ ಹಳೆಯ ಫಾಂಟುಗಳಲ್ಲಿ ಟೈಪಿಸಿದ ದಾಖಲೆಗಳಿಗೆ ಇದು ಪ್ರಯೋಜನವಿಲ್ಲ. ಅವುಗಳ ಒಳಗಿರುವುದು ಕನ್ನಡದ ವೇಷ ತೊಟ್ಟ ಲ್ಯಾಟಿನ್ ಅಕ್ಷರಗಳು, ಮೊದಲು ಯೂನಿಕೋಡಿಗೆ ಬದಲಿಸಿಕೊಳ್ಳಬೇಕು.

ಎಕ್ಸ್‌ಫ್ಯಾಟ್ (ಕಡತ ಇಡುವ ಇನ್ನೊಂದು ಬಗೆ) ಪೆನ್‌ಡ್ರೈವ್‌ಗಳಲ್ಲಿ ಆ ಮಾಸ್ಟರ್ ಪಟ್ಟಿ ಇಲ್ಲದ್ದರಿಂದ ಅವು ತಾವಾಗಿ ಸೇರುವುದಿಲ್ಲ. ಆಪ್ಷನ್ಸ್‌ನಲ್ಲಿ ಇಂಡೆಕ್ಸಸ್, ಫೋಲ್ಡರ್ಸ್ ಎಂಬಲ್ಲಿ ಕೈಯಾರೆ ಸೇರಿಸಬೇಕು. ಹೀಗೆ ಸೇರಿಸಿದ್ದನ್ನು ಎವ್ರಿಥಿಂಗ್ ಮತ್ತೆ ಓದಿ ನೋಡುವ ಮರುಪರಿಶೀಲನೆಯ ಹೊತ್ತು ರಾತ್ರಿ 3 ಗಂಟೆ ಎಂದಿದ್ದರೆ ಬದಲಿಸಿ, ಆ ಹೊತ್ತಿಗೆ ಮನೆಯ ಕಂಪ್ಯೂಟರ್ ಆಫ್ ಆಗಿರುತ್ತದೆ. ಕೇಬಲ್ ಹಾಕಿದ ಫೋನು 'ಡಿ:', 'ಇ:' ಥರದ ಡ್ರೈವ್ ಅಕ್ಷರ ಪಡೆಯುವುದಿಲ್ಲ, ಅದನ್ನು ಮರೆತುಬಿಡಿ.

ಬೀರುವಿನಲ್ಲಿಟ್ಟ ಹಾರ್ಡ್‌ಡಿಸ್ಕಿನ ವಿಷಯದಲ್ಲಿ ಮಾತ್ರ ಇದರ ಮೇಲೆ ಮತ್ತೆ ಪ್ರೀತಿ ಹುಟ್ಟುತ್ತದೆ. ಇಂಡೆಕ್ಸಸ್‌ನ ಎನ್‌ಟಿಎಫ್‌ಎಸ್ ಪುಟದಲ್ಲಿ ಆಫ್‌ಲೈನ್ ಡ್ರೈವ್‌ಗಳನ್ನು ತೆಗೆದುಹಾಕುವ ಆಯ್ಕೆಯ ಟಿಕ್ ತೆಗೆದರೆ, ಡಿಸ್ಕ್ ಕಳಚಿಟ್ಟ ಮೇಲೂ ಅದರ ಹೆಸರುಗಳು ಪಟ್ಟಿಯಲ್ಲಿ ಉಳಿಯುತ್ತವೆ. ಮದುವೆಯ ವಿಡಿಯೊ ಯಾವ ಡಿಸ್ಕಿನಲ್ಲಿದೆ ಎಂದು ಒಂದೊಂದನ್ನೇ ಜೋಡಿಸಿ ನೋಡುವ ಕಷ್ಟ ತಪ್ಪುತ್ತದೆ. ಪ್ರತಿ ಡಿಸ್ಕಿಗೂ ಬೇರೆ ಹೆಸರಿಟ್ಟು, ಅದೇ ಹೆಸರಿನ ಚೀಟಿಯನ್ನು ಮೇಲೆ ಅಂಟಿಸಿರಬೇಕು ಅಷ್ಟೆ.

ಒಂದೇ ಕಂಪ್ಯೂಟರಿನಲ್ಲಿ ಮನೆಯವರಿಗೆಲ್ಲ ಬೇರೆ ಬೇರೆ ಖಾತೆ ಇದ್ದರೆ ಇದನ್ನೂ ತಿಳಿದಿರಿ: ಸರ್ವಿಸ್ ಹಾಕಿದ ಮೇಲೆ ಯಾವ ಖಾತೆಯವರು ಹುಡುಕಿದರೂ ಎಲ್ಲರ ಕಡತಗಳ ಹೆಸರು ಕಾಣುತ್ತದೆ. ಅನುಮತಿ ಇಲ್ಲದ್ದನ್ನು ತೆರೆಯಲಾಗದು, ಹೆಸರಂತೂ ಗುಟ್ಟಾಗಿ ಉಳಿಯದು. ಕಾಣಬಾರದ ಫೋಲ್ಡರುಗಳನ್ನು ಪ್ರತಿ ಖಾತೆಯಲ್ಲೂ ಇಂಡೆಕ್ಸಸ್‌ನ ಎಕ್ಸ್‌ಕ್ಲೂಡ್ ಪುಟದಲ್ಲಿ ಸೇರಿಸಿ ಹೊರಗಿಡಿ.