ಜಿಎಂಎಂಪಿ ಕೋಡಿಂಗ್ ಕಿಟ್: ಹೆಣ್ಣನ್ನು ಎಣಿಸುತ್ತದೆ, ಸ್ತ್ರೀವಾದಿಯನ್ನು ಕಾಣುವುದಿಲ್ಲ

ಸುದ್ದಿಯಲ್ಲಿ ಹೆಣ್ಣುಮಕ್ಕಳು ಎಷ್ಟಿದ್ದಾರೆ, ಯಾವ ಪಾತ್ರದಲ್ಲಿದ್ದಾರೆ ಎಂದು ಎಣಿಸಲು ಜಾಗತಿಕ ಮಾಧ್ಯಮ ನಿಗಾ ಯೋಜನೆಯ (ಜಿಎಂಎಂಪಿ) ಕಿಟ್‌ನಷ್ಟು ಪಳಗಿದ ಸಲಕರಣೆ ಬೇರೆ ಸಿಗುವುದು ಕಷ್ಟ. 1995ರಿಂದ ಐದು ವರ್ಷಕ್ಕೊಮ್ಮೆ, ಹಲವಾರು ದೇಶಗಳಲ್ಲಿ ಒಂದೇ ದಿನ ಸ್ವಯಂಸೇವಕರು ಇದನ್ನು ಹಿಡಿದು ಕೂತು, ಪ್ರತಿ ಸುದ್ದಿಯ ವಿವರಗಳನ್ನು ನಿಗದಿತ ಖಾನೆಗಳಲ್ಲಿ ಗುರುತಿಸುತ್ತಾರೆ; ಇದೇ ಕೋಡಿಂಗ್. ಸುದ್ದಿಯಲ್ಲಿ ಕಾಣುವ, ಮಾತಾಡುವ ಜನರಲ್ಲಿ ಹೆಂಗಸರ ಪಾಲು 1995ರಲ್ಲಿ ಶೇ. 17 ಇತ್ತು, 2020ರಲ್ಲಿ ಶೇ. 25ಕ್ಕೆ ಬಂತು ಎಂದು ನಮಗೆ ಗೊತ್ತಿರುವುದು ಇದರಿಂದಲೇ. ಕೈಪಿಡಿ, ನಮೂನೆಗಳು ಉಚಿತ.

ಪತ್ರಿಕೆ, ರೇಡಿಯೊ, ಟಿವಿ, ಅಂತರ್ಜಾಲಕ್ಕೆ ಬೇರೆ ಬೇರೆ ಹಾಳೆಗಳಿವೆ. ಪ್ರತಿ ವರದಿಗೆ ವಿಷಯ, ವರದಿಗಾರರ ಲಿಂಗ. ಪ್ರತಿ ವ್ಯಕ್ತಿಗೆ ವೃತ್ತಿ, ಪಾತ್ರ (ವಕ್ತಾರರೋ, ತಜ್ಞರೋ, ಸ್ವಂತ ಅನುಭವ ಹೇಳುವವರೋ), ಯಾರ ಹೆಂಡತಿ, ಯಾರ ತಾಯಿ ಎಂದು ಬರೆದಿದ್ದಾರೆಯೇ, ಫೋಟೊ ಇದೆಯೇ. ವರದಿ ಪಡಿಯಚ್ಚನ್ನು (ಹೆಣ್ಣೆಂದರೆ ಹೀಗೇ, ಗಂಡೆಂದರೆ ಹೀಗೇ ಎಂಬ ಸಿದ್ಧ ಕಲ್ಪನೆಯನ್ನು) ಸ್ಪಷ್ಟವಾಗಿ ಪ್ರಶ್ನಿಸುತ್ತದೆಯೇ ಎಂಬ ಪ್ರಶ್ನೆಯೂ ಇದೆ.

ಸ್ತ್ರೀವಾದಿಯರ ಚಿತ್ರಣ ಅಳೆಯಲು ಹೊರಟಾಗಲೇ ಕಿಟ್ ಕೈಕೊಡುತ್ತದೆ. ವೃತ್ತಿಯ ಪಟ್ಟಿಯಲ್ಲಿ ಸ್ತ್ರೀವಾದಿ ಹೋರಾಟಗಾರ್ತಿಗೂ ಕಾರ್ಮಿಕ ಸಂಘದ ಮುಖಂಡನಿಗೂ ಒಂದೇ ಖಾನೆ. ಅವರನ್ನು ಏನೆಂದು ಕರೆದರು, ಯಾವ ಕ್ರಿಯಾಪದ ಅಂಟಿಸಿದರು ಎಂಬುದು ಎಲ್ಲೂ ದಾಖಲಾಗದು. ಹಾನಿ ಆಗುವುದೇ ಅಲ್ಲಿ. 1968ರ ಸೆಪ್ಟೆಂಬರ್ 7ರಂದು ಅಟ್ಲಾಂಟಿಕ್ ಸಿಟಿಯಲ್ಲಿ ಮಿಸ್ ಅಮೆರಿಕ ಸ್ಪರ್ಧೆಯ ವಿರುದ್ಧ ಸೇರಿದವರು ಬ್ರಾ, ಹೀಲ್ಸ್, ನಕಲಿ ರೆಪ್ಪೆಗಳನ್ನು ಡಬ್ಬಕ್ಕೆ ಎಸೆದರು. ಅವರು ನಿಂತಿದ್ದುದು ಮರದ ಹಲಗೆಯ ದಾರಿಯಾದ್ದರಿಂದ ಬೆಂಕಿ ಹಚ್ಚಲಿಲ್ಲ. ಆದರೂ 'ಬ್ರಾ ಸುಟ್ಟವರು' ಎಂಬ ಹಣೆಪಟ್ಟಿ ಉಳಿಯಿತು. ವರ್ಣಭೇದದಿಂದ ವಿಯೆಟ್ನಾಂ ಯುದ್ಧದವರೆಗೆ ಮಾತಾಡಿದ್ದ ಅವರ ಹತ್ತು ಅಂಶಗಳ ಕರಪತ್ರ ಮರೆಯಾಯಿತು. ಈ ಕಿಟ್ ಆ ವರದಿಯನ್ನು 'ಹೆಂಗಸರೇ ಕೇಂದ್ರದಲ್ಲಿರುವ ಸುದ್ದಿ' ಎಂದು ಎಣಿಸಿಬಿಡುತ್ತಿತ್ತು. ಚಿತ್ರಣ ಓದುಗರ ಮೇಲೆ ಪರಿಣಾಮ ಬೀರುತ್ತದೆ: 2007ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸ್ತ್ರೀವಾದಿಯರ ಬಗ್ಗೆ ಒಳ್ಳೆಯ ಗುಣಗಳ ಒಂದೇ ಪ್ಯಾರಾ ಓದಿದ ಹೆಂಗಸರು, ಅದನ್ನು ಓದದವರಿಗಿಂತ ಸುಮಾರು ಎರಡು ಪಟ್ಟು ಹೆಚ್ಚಾಗಿ ತಮ್ಮನ್ನು ಸ್ತ್ರೀವಾದಿ ಎಂದುಕೊಂಡರು.

ಆದ್ದರಿಂದ ಹಾಳೆಗೆ ನಾಲ್ಕು ಖಾನೆ ನೀವೇ ಸೇರಿಸಿಕೊಳ್ಳಿ. 'ಸ್ತ್ರೀವಾದಿ' ಎಂದು ಕರೆದವರು ಯಾರು: ಆಕೆಯೇ, ವರದಿಗಾರರೇ, ಎದುರಾಳಿಯೇ? ಆಕೆಯ ಮಾತಿಗೆ ಬಳಸಿದ ಕ್ರಿಯಾಪದ ಯಾವುದು: 'ಹೇಳಿದರು', 'ವಾದಿಸಿದರು', 'ಕಿಡಿಕಾರಿದರು'? ರೂಪ, ಮದುವೆ, ಮಕ್ಕಳ ಪ್ರಸ್ತಾಪ ಇದೆಯೇ? ಬೇಡಿಕೆ ಏನೆಂದು ವರದಿ ಒಂದು ವಾಕ್ಯದಲ್ಲಾದರೂ ಹೇಳಿದೆಯೇ? ಕ್ರಿಯಾಪದದ ಖಾನೆಯಲ್ಲಿ ಎಡವುವವರು ಬಹಳ. ರಾಜಕಾರಣಿಗಳೂ ದಿನಾ 'ಕಿಡಿಕಾರು'ತ್ತಾರೆ. ಅದೇ ಪುಟದ ಗಂಡು ಹೋರಾಟಗಾರರ ಸುದ್ದಿಯನ್ನೂ ಕೋಡ್ ಮಾಡಿ ಹೋಲಿಸದಿದ್ದರೆ ಆ ಅಂಕಿಗೆ ಅರ್ಥವಿಲ್ಲ. ತಲೆಬರಹ ಮತ್ತು ಒಳಗಿನ ಸುದ್ದಿಯನ್ನು ಬೇರೆ ಬೇರೆ ಗುರುತಿಸಿ. ತಲೆಬರಹ ಕೊಡುವವರು ಹೆಚ್ಚಾಗಿ ಡೆಸ್ಕಿನವರು, ವರದಿಗಾರರಲ್ಲ.

ಒಂದು ದಿನದ ಲೆಕ್ಕವೂ ಇಲ್ಲಿಗೆ ಸಾಲದು. ಸ್ತ್ರೀವಾದಿಯರ ಸುದ್ದಿ ಕಡಿಮೆ, ದೊಡ್ಡ ಘಟನೆಯೊಂದು ನಡೆದರೆ ಅದೂ ಕೊಚ್ಚಿಹೋಗುತ್ತದೆ. ಒಂದು ವಾರದ ಸೋಮವಾರ, ಇನ್ನೊಂದು ವಾರದ ಮಂಗಳವಾರ ಹೀಗೆ ಏಳು ವಾರಗಳಿಂದ ಒಂದೊಂದು ದಿನ ಆಯ್ದು ಕೃತಕ ವಾರ ಕಟ್ಟಿ. ಮಾರ್ಚ್ 8ರ ಆಸುಪಾಸನ್ನು ಬೇರೆಯಾಗಿಯೇ ಇಡಿ, ಇಲ್ಲದಿದ್ದರೆ ಇಡೀ ಚಿತ್ರ ಬದಲಾಗುತ್ತದೆ.

ಶುರುವಿಗೆ ಮುನ್ನ 30 ವರದಿಗಳನ್ನು ಇಬ್ಬರು ಒಬ್ಬರನ್ನೊಬ್ಬರು ಕೇಳದೆ ಕೋಡ್ ಮಾಡಬೇಕು. ಬರೀ ಶೇಕಡಾ ಹೊಂದಿಕೆ ನಂಬಬೇಡಿ. ಇಬ್ಬರೂ ಹತ್ತರಲ್ಲಿ ಒಂಬತ್ತಕ್ಕೆ 'ಇಲ್ಲ' ಎನ್ನುವ ಖಾನೆಯಲ್ಲಿ ಆಕಸ್ಮಿಕವಾಗಿಯೇ ಶೇ. 82 ಹೊಂದಿಕೆ ಬರುತ್ತದೆ, ಶೇ. 85 ಕಂಡರೂ ಕೊಹೆನ್ ಕಪ್ಪಾ (ಆಕಸ್ಮಿಕ ಹೊಂದಿಕೆಯನ್ನು ಕಳೆದು ನಿಜವಾದ ಹೊಂದಿಕೆ ಅಳೆಯುವ ಅಂಕಿ; 1 ಎಂದರೆ ಪೂರ್ಣ ಹೊಂದಿಕೆ) ಸುಮಾರು 0.17 ಅಷ್ಟೇ. ಕಪ್ಪಾ 0.6ಕ್ಕಿಂತ ಕೆಳಗಿದ್ದರೆ ಕೋಡ್ ಮಾಡುವವರನ್ನು ದೂರದೆ ನಿಯಮವನ್ನು ತಿದ್ದಿ, ಹೊಸ 30 ವರದಿಗಳ ಮೇಲೆ ಮತ್ತೆ ಪರೀಕ್ಷಿಸಿ. ಹೆಚ್ಚು ತಕರಾರು ಏಳುವುದು ಕ್ರಿಯಾಪದಗಳ ಮೇಲೆ; ಯಾವ ಪದ ಯಾವ ಗುಂಪಿಗೆ ಎಂಬ ಪಟ್ಟಿಯನ್ನು ಮೊದಲೇ ಬರೆದು ಗೋಡೆಗೆ ಅಂಟಿಸಿಡಿ.

ನಾಲ್ಕು ಖಾನೆಗಳಿಗೂ ಸಮಯವಿಲ್ಲದವರು ಬೇಡಿಕೆಯ ಖಾನೆಯೊಂದನ್ನು ಇಟ್ಟುಕೊಳ್ಳಲಿ. ಅದಕ್ಕೆ ಉತ್ತರ 'ಹೌದು' ಅಥವಾ 'ಇಲ್ಲ', ಜಗಳ ಕಡಿಮೆ.